ಒಂಬತ್ತನೇ ಕೈ

"ಚಿಕ್ಕಮ್ಮಾ, ನಿನ್ನ ಕೈಯಲ್ಲಿ ಏನೂ ಇಲ್ಲ! ಏನೂ ಅಂದ್ರೆ ಏನೇನೂ ಇಲ್ಲ!"

"ಅದು ನಂಗೆ ಹುಟ್ಟಿದಾಗಿಂದ ಗೊತ್ತು. ಅದನ್ನ ಹೇಳೋಕೆ ಹಿಂಗೆ ಓಡಿ ಬಂದ್ಯಾ?"

"ತಮಾಷೆ ಬಿಡು ಚಿಕ್ಕಮ್ಮ. ಬ್ಯಾಕ್ಟೀರಿಯಾ! ಮಕ್ಕಳ ರಕ್ತದಲ್ಲಿ ಸಿಕ್ತಲ್ಲ, ಅದೇ. ಅವತ್ತು ಒಂಬತ್ತು ಜನರ ಕೈ ಒರೆಸಿದ್ವಲ್ಲ? ಆರು ಜನರ ಕೈಯಲ್ಲಿದೆ. ಇಬ್ಬರದ್ದು ಡೌಟು. ಒಂದೇ ಒಂದು ಕೈ ಚೊಕ್ಕ. ಒಂಬತ್ತನೇ ನಂಬರ್. ಒಂಬತ್ತು ನೀನು!"

ಹುಡುಗಿ ಲ್ಯಾಬಿಂದ ಎರಡು ಮಹಡಿ ದಡದಡ ಇಳಿದು ನೆಲಮಾಳಿಗೆಗೆ ಬಂದಿದ್ಲು. ಬಿಳಿ ಕೋಟಿನ ಗುಂಡಿ ಒಂದು ಹಾಕಿದ್ರೆ ಎರಡು ಬಿಟ್ಟಿದ್ಲು. ಅಕ್ಕನ ಮಗಳು. ಇದೇ ಆಸ್ಪತ್ರೆ ಲ್ಯಾಬಲ್ಲಿ ಕೆಲಸ ಕಲೀತಿದಾಳೆ, ಕೋರ್ಸ್ ಮುಗಿಯೋಕೆ ಇನ್ನು ನಾಲ್ಕೇ ತಿಂಗಳು. ಇವರಿಬ್ರು ಸಂಬಂಧ ಅಂತ ಇಲ್ಲಿ ಒಂದು ನರಪಿಳ್ಳೆಗೂ ಗೊತ್ತಿಲ್ಲ. ಗೊತ್ತಾಗೋದು ಬೇಡ ಅಂತ ಚಿಕ್ಕಮ್ಮನೇ ಮೊದಲ ದಿನ ಹೇಳಿದ್ಲು. "ಕಸ ಗುಡಿಸೋಳ ಕಡೆಯವಳು ಅಂತ ಗೊತ್ತಾದ್ರೆ ನಿನ್ನ ಕೈಗೂ ಪೊರಕೆ ಕೊಟ್ಟುಬಿಡ್ತಾರೆ ಕಣೇ."

ಚಿಕ್ಕಮ್ಮ ಕೊಳೆ ಬಟ್ಟೆ ಗುಡ್ಡೆ ಮುಂದೆ ನಿಂತಿದ್ಲು. ಆಪರೇಷನ್ ಆದ ಹಾಸಿಗೆ ಬಟ್ಟೆ, ಹೆರಿಗೆ ಆದ ಹಾಸಿಗೆ ಬಟ್ಟೆ, ಸತ್ತೋರ ಮೇಲೆ ಹೊದಿಸಿದ ಬಟ್ಟೆ, ಎಲ್ಲಾ ಇಲ್ಲಿಗೇ ಬಂದು ಬೀಳುತ್ತೆ. ಕೆಂಪಾಗಿರೋದು ಒಂದು ಕಡೆ, ಹಳದಿಯಾಗಿರೋದು ಇನ್ನೊಂದು ಕಡೆ. ಮಡಿಕೆ ಒಳಗೆ ಸೂಜಿ ಇದೆಯಾ ಅಂತ ಒಂದೊಂದನ್ನೂ ಕೊಡವಿ ನೋಡ್ಬೇಕು. ಕೊಟ್ಟಿರೋ ಗ್ಲೌಸಿನ ಹೆಬ್ಬೆರಳು ಹರಿದಿದೆ. ಕಿಟಕಿ ಇಲ್ಲ. ಹನ್ನೆರಡು ದಿನದಿಂದ ಅವಳು ಹಗಲು ನೋಡಿರೋದು ಬರುವಾಗ ಹೋಗುವಾಗ ಮಾತ್ರ.

ಹುಡುಗಿ ಕಾಯ್ತಿದ್ಲು. ಚಿಕ್ಕಮ್ಮ ಕುಣೀತಾಳೆ, ಇಲ್ಲ ಅಳ್ತಾಳೆ, ಏನೋ ಒಂದು ಆಗುತ್ತೆ ಅಂದ್ಕೊಂಡಿದ್ಲು.

ಚಿಕ್ಕಮ್ಮ ಗ್ಲೌಸ್ ಕಳಚಿದ್ಲು. ಎರಡೂ ಕೈ ಮುಖದ ಮುಂದೆ ಹಿಡ್ಕೊಂಡು ತಿರುಗಿಸಿ ತಿರುಗಿಸಿ ನೋಡಿದ್ಲು. ಫಿನಾಯಿಲ್ ಹಾಕಿ ಉಜ್ಜಿ ಉಜ್ಜಿ ಬೆರಳ ಸಂದಿ ಎಲ್ಲ ಸೀಳಿತ್ತು.

"ಹಂಗಾದ್ರೆ," ಅಂದ್ಲು, "ಮಗೂನ ಎತ್ಕೋಬಹುದಾ?"



ಚಿಕ್ಕಮ್ಮನ ಮನೇಲಿ ಮಗಳು ಹೆತ್ತು ನಲವತ್ತು ದಿನ. ಮೊದಲ ಮೊಮ್ಮಗು. ಅದಕ್ಕೆ ದಿನಾ ಸ್ನಾನ ಮಾಡಿಸ್ತಿದ್ದಿದ್ದು ಇವಳೇ, ಕಾಲ ಮೇಲೆ ಬೋರಲು ಮಲಗಿಸ್ಕೊಂಡು. ಆಸ್ಪತ್ರೇಲಿ ಇವಳ ಕೈ ಮೇಲೆ ಅನುಮಾನ ಬಂದ ದಿನದಿಂದ ಅದನ್ನ ಮುಟ್ಟಿಲ್ಲ. ಬಾಗಿಲಲ್ಲಿ ನಿಂತು ಮಗಳಿಗೆ ಹೇಳಿಕೊಡ್ತಾಳೆ, "ಕುತ್ತಿಗೆ ಹಿಡಿ, ಕುತ್ತಿಗೆ ಹಿಡಿಯೇ." ಮಗು ಇವಳ ದನಿ ಕೇಳಿದ ಕೂಡ್ಲೇ ಕತ್ತು ತಿರುಗಿಸುತ್ತೆ. ಇವಳು ಅಡುಗೆಮನೆಗೆ ಹೋಗಿ ಮತ್ತೆ ಕೈ ತೊಳೀತಾಳೆ.

"ಎತ್ಕೋ ಚಿಕ್ಕಮ್ಮ. ಧಾರಾಳವಾಗಿ ಎತ್ಕೋ. ಇಡೀ ಮಕ್ಕಳ ಐಸಿಯುನಲ್ಲಿ ಮಗು ಎತ್ಕೊಳ್ಳೋಕೆ ಲಾಯಕ್ಕಾದ ಕೈ ಅಂದ್ರೆ ನಿಂದೊಂದೇ."

"ಮತ್ತೆ ಆ ಆರು ಯಾರದು?"

ಹುಡುಗಿ ಬಾಗಿಲ ಕಡೆ ನೋಡಿ ದನಿ ಇಳಿಸಿದ್ಲು. "ಒಂದು ದೊಡ್ಡ ಸಿಸ್ಟರ್‌ದು. ಒಂದು ದೊಡ್ಡ ಡಾಕ್ಟ್ರುದು."

"ದೊಡ್ಡ ಡಾಕ್ಟ್ರ ಕೈಯಲ್ಲಾ!"

"ಇನ್ನೂ ಕೇಳು. ರಿಪೋರ್ಟ್ ಬಂದಿದ್ದು ಇವತ್ತಲ್ಲ. ನಾನು ಬೇರೆ ಏನೋ ಹುಡುಕ್ತಾ ರಿಜಿಸ್ಟರ್ ತೆಗೆದೆ, ಆಗ ಕಣ್ಣಿಗೆ ಬಿತ್ತು. ಬಂದು ಒಂಬತ್ತು ದಿನ ಆಗಿದೆ ಚಿಕ್ಕಮ್ಮ. ದೊಡ್ಡ ಡಾಕ್ಟ್ರೇ ಸೈನ್ ಹಾಕಿ ತಗೊಂಡು ಹೋಗಿದಾರೆ."

ಒಂಬತ್ತು ದಿನ. ಚಿಕ್ಕಮ್ಮ ಬೆರಳು ಮಡಚಿ ಎಣಿಸಲಿಲ್ಲ. ಮಗೂನ ಮುಟ್ಟದೇ ಇದ್ದ ದಿನಗಳು ಒಂದೊಂದೂ ಅವಳಿಗೆ ಬಾಯಿಪಾಠ ಆಗಿದ್ವು.

ಮೇಲೆ ಐಸಿಯುನಲ್ಲಿ ಅವಳಿಗೆ ರೇಡಿಯೋ ಅಂತ ಹೆಸರು. ದೊಡ್ಡ ಸಿಸ್ಟರ್ ಇಟ್ಟಿದ್ದು. ನೆಲ ಒರೆಸ್ತಾ ಬಾಯಿ ಮುಚ್ಚೋದೇ ಇಲ್ಲ ಅಂತ. ಗಾಜಿನ ಪೆಟ್ಟಿಗೆಲಿ ಮಲಗಿರೋ ಕೂಸುಗಳನ್ನೆಲ್ಲ ದೂರದಿಂದಲೇ ಮಾತಾಡಿಸ್ತಿದ್ಲು. ಒಂದಂಗೈ ಉದ್ದ ಇರುತ್ವೆ ಅವು, ದಿನ ತುಂಬೋ ಮುಂಚೆ ಹುಟ್ಟಿದ್ದು, ಮೂಗಲ್ಲಿ ನಳಿಗೆ, ಕಾಲಲ್ಲಿ ಸೂಜಿ. "ಏನಪ್ಪ ಹೆಬ್ಬೆರಳು, ಇವತ್ತು ಉಚ್ಚೆ ಹೊಯ್ದ್ಯಾ? ಶಭಾಷ್. ಏನಮ್ಮ ಮಹಾರಾಣಿ, ಇನ್ನೂ ಎದ್ದಿಲ್ವಾ?" ಸಿಸ್ಟರುಗಳೆಲ್ಲ ನಗ್ತಿದ್ರು. ರೇಡಿಯೋ ಇಲ್ಲದಿದ್ರೆ ವಾರ್ಡು ಬಿಕೋ ಅನ್ನುತ್ತೆ ಅಂತಿದ್ರು.

ಆದ್ರೆ ರೇಡಿಯೋಗೆ ಯಾರಾದ್ರೂ ಉತ್ತರ ಕೊಡ್ತಾರಾ? ಅದರ ಪಾಡಿಗೆ ಅದು ಹಾಡ್ತಿರುತ್ತೆ.

ಐಸಿಯು ಬಾಗಿಲಲ್ಲಿ ಒಂದು ಸಿಂಕು. ಬಂದ ದೊಡ್ಡ ಮನುಷ್ಯರಿಗೆಲ್ಲ ಮೊದಲು ತೋರಿಸ್ತಿದ್ದಿದ್ದು ಅದನ್ನೇ. ಫಳಫಳ ಸ್ಟೀಲು, ಮೊಣಕೈಯಲ್ಲಿ ತಳ್ಳಿದ್ರೆ ನೀರು, ಕೈಯಲ್ಲಿ ಮುಟ್ಟೋ ಹಾಗೇ ಇಲ್ಲ. ಸೇರಿದ ಹೊಸದರಲ್ಲಿ ಇವಳು ಒಂದು ಸಲ ಅದರಲ್ಲಿ ಕೈ ತೊಳೆದಿದ್ಲು. ದೊಡ್ಡ ಸಿಸ್ಟರ್ ನೋಡಿ ಕಿರುಚಿಬಿಟ್ಟಿದ್ರು. "ಏಯ್! ಕಕ್ಕಸು ತೊಳೆದ ಕೈ ತಂದು ಇದರಲ್ಲಿ ಹಾಕ್ತೀಯಾ? ಇದು ಮಕ್ಕಳನ್ನ ಮುಟ್ಟೋರಿಗೆ. ನಿಮ್ಮೋರಿಗೆ ಕೆಳಗಿದೆಯಲ್ಲ." ಮಾರನೇ ದಿನ ಗೋಡೆ ಮೇಲೆ ಬೋರ್ಡು: ಡಾಕ್ಟರ್ ಮತ್ತು ಸಿಸ್ಟರ್ ಮಾತ್ರ.

ಕೆಳಗೆ ಅಂದ್ರೆ ನಲವತ್ತೆರಡು ಮೆಟ್ಟಿಲು. ಮೆಟ್ಟಿಲಡಿ ಸಂದಿಯಲ್ಲಿ ಒಂದು ಹಿತ್ತಾಳೆ ನಲ್ಲಿ, ನೇರ ಟ್ಯಾಂಕಿನ ನೀರು, ಕೆಳಗೆ ಬಚ್ಚಲ ಕಲ್ಲು. ಸೋಪಿಲ್ಲ. ಸೋಪು ಇವಳೇ ಮನೆಯಿಂದ ತಂದು ತೂತು ಕೊರೆದು ದಾರ ಕಟ್ಟಿ ನೇತು ಹಾಕಿದ್ಲು. ದಿನಕ್ಕೆ ಹತ್ತು ಹನ್ನೆರಡು ಸಲ ಇಳಿದು ಹತ್ತೋದು. ಸಂಜೆ ಹೊತ್ತಿಗೆ ಮಂಡಿ ಚಿಪ್ಪು ಕಳಚಿ ಕೈಗೆ ಬಂದಂಗಾಗೋದು.

ಆ ಸಿಂಕಲ್ಲಿ ಕೈ ತೊಳೆಯಂಗಿಲ್ಲ. ಆದ್ರೆ ಸಿಂಕು ತೊಳೆಯೋಳು ಇವಳೇ.

ಅದಕ್ಕೇ ಅವಳಿಗೆ ಗೊತ್ತಿತ್ತು, ಬೇರೆ ಯಾರಿಗೂ ಗೊತ್ತಿಲ್ಲದ್ದು. ಎರಡು ಗಂಟೆಗೊಂದು ಸಲ ಕೂಸುಗಳಿಗೆ ಹಾಲು. ತಾಯಂದಿರು ಹಿಂಡಿ ತಂದ ಹಾಲನ್ನ ಸಿಂಕಿನ ಪಕ್ಕದ ಮೇಜಿನ ಮೇಲೆ ಅಳೆದು ಸಣ್ಣ ಬಟ್ಟಲಿಗೆ ಹಾಕ್ತಾರೆ. ಮಗು ಕುಡಿಯೋದು ಒಂದು ಚಮಚ, ಉಳಿಯೋದು ಎರಡು. ಉಳಿದಿದ್ದನ್ನ ಚೆಲ್ಲೋಕೆ ಹೊರಗಡೆ ಕೊಳೆ ನೀರಿನ ರೂಮಿದೆ. ಅಲ್ಲಿಗೆ ಹೋಗ್ಬೇಕು ಅಂದ್ರೆ ಚಪ್ಪಲಿ ಬದಲಾಯಿಸಿ, ಗೌನು ಬಿಚ್ಚಿ, ಮತ್ತೆ ಬಂದು ಹಾಕ್ಕೊಂಡು. ಇಪ್ಪತ್ತು ಮಕ್ಕಳಿಗೆ ಮೂರು ಸಿಸ್ಟರು. ಯಾರಿಗೆ ಪುರುಸೊತ್ತು? ಪಕ್ಕದಲ್ಲೇ ಇದೆಯಲ್ಲ ಸಿಂಕು, ಸುರಿ. ಡ್ರಿಪ್ಪಲ್ಲಿ ಉಳಿದ ಗ್ಲೂಕೋಸು, ಸುರಿ. ಮೇಲೆ ನೀರು ಬಿಟ್ರೆ ಆಯ್ತು, ಕಣ್ಣಿಗೆ ಸ್ವಚ್ಛ.

ಕಣ್ಣಿಗೆ. ಜಾಲರಿ ಎತ್ತಿ ಒಳಗೆ ಬೆರಳು ಹಾಕಿದ್ರೆ ಲೋಳೆ. ಗುಲಾಬಿ ಬಣ್ಣ, ನಾಲಿಗೆ ತರ ಮೆತ್ತಗೆ. ವಾರಕ್ಕೊಂದು ಸಲ ಇವಳು ಹಳೇ ಬ್ರಷ್ಷಲ್ಲಿ ಕೆರೆದು ತೆಗೀತಿದ್ಲು, ಬ್ರಷ್ಷಿಗೆ ಸಿಗೋಷ್ಟು. ಕೆಳಗಿನ ಕೊಳವೆ ಬಾಗಿರೋ ಜಾಗಕ್ಕೆ ಬ್ರಷ್ಷು ಹೋಗಲ್ಲ. ನಲ್ಲಿ ಜೋರಾಗಿ ಬಿಟ್ರೆ ನೀರು ನೇರ ಆ ತೂತಿಗೇ ಬಿದ್ದು ಚಿಮ್ಮುತ್ತೆ. ಹನಿ ಎಲ್ಲಿಗೆ? ಹಾಲಿನ ಮೇಜಿನ ಮೇಲೆ. ದಿನಾ ಆ ಹನಿ ಒರೆಸೋಳೂ ಇವಳೇ.

ಮೂರು ಸಲ ಹೇಳಿದ್ಲು. ಒಂದು ಸಲ ದೊಡ್ಡ ಸಿಸ್ಟರ್‌ಗೆ. "ಸಿಸ್ಟರ್, ಆ ಸಿಂಕು ನಾರುತ್ತೆ, ಒಳಗೆ ಪಾಚಿ ಕಟ್ಟಿದೆ." "ಫಿನಾಯಿಲ್ ಹಾಕು." ಒಂದು ಸಲ ಸೂಪರ್‌ವೈಸರ್‌ಗೆ. "ಬರೆದುಕೊಟ್ಟಿದೀನಿ ಹೋಗು." ಒಂದು ಸಲ ಧೈರ್ಯ ಮಾಡಿ ದೊಡ್ಡ ಡಾಕ್ಟ್ರಿಗೇ. ಅವರು ಕೈ ತೊಳೀತಾ ನಕ್ಕಿದ್ರು. "ಏನಮ್ಮ ರೇಡಿಯೋ, ಇವತ್ತೇನು ವಾರ್ತೆ?" ಅಂತ ಕೇಳಿ, ವಾರ್ತೆ ಕೇಳದೇ ಒಳಗೆ ಹೋಗಿದ್ರು.

ಆಮೇಲೆ ಒಂದೇ ವಾರದಲ್ಲಿ ನಾಲ್ಕು ಕೂಸು. ಹಾಲು ಬಿಟ್ವು, ಮೈ ತಣ್ಣಗಾಯ್ತು, ಬಣ್ಣ ಬೂದಿ ತರ. ನಾಲ್ಕರ ರಕ್ತದಲ್ಲೂ ಒಂದೇ ಬ್ಯಾಕ್ಟೀರಿಯಾ. ಒಂದು ಹೋಗಿಬಿಡ್ತು. ಅವಳಿ ಮಕ್ಕಳಲ್ಲಿ ಒಂದು. ರೇಡಿಯೋ ಹೆಬ್ಬೆರಳು ಅಂತ ಕರೀತಿದ್ದಿದ್ದು ಅದನ್ನೇ.

ಎಲ್ಲರ ಕೈ ಪರೀಕ್ಷೆ ಮಾಡ್ಬೇಕು ಅಂತಾಯ್ತು. ಕೈ ತೊಳ್ಕೊಂಡು ಬಂದು ಸಾಲಾಗಿ ನಿಂತ್ಕೊಳ್ಳಿ ಅಂದ್ರು. ಎಂಟು ಜನ ಸ್ಟೀಲ್ ಸಿಂಕಲ್ಲಿ ತೊಳ್ಕೊಂಡ್ರು. ಆಮೇಲೆ ಗೋಡೆ ಮೇಲಿನ ಸ್ಪಿರಿಟ್ ಒತ್ತಿ ಕೈಗೆ ಹಚ್ಕೋಬೇಕು ಅಂತ ನಿಯಮ ಇದೆ. ಬಾಟಲಿ ಖಾಲಿಯಾಗಿ ವಾರ ಆಗಿತ್ತು. ಇವಳೂ ಹೋಗಿ ಎಂಟು ಜನರ ಹಿಂದೆ ನಿಂತ್ಲು. ದೊಡ್ಡ ಸಿಸ್ಟರ್ ತಿರುಗಿ ನೋಡಿ, "ನೀನು ಕೆಳಗೆ ಹೋಗಿ ತೊಳ್ಕೊಂಡು ಬಾರೇ" ಅಂದ್ರು. ಪರೀಕ್ಷೆ ದಿನವೂ. ಇವಳು ನಲವತ್ತೆರಡು ಮೆಟ್ಟಿಲು ಇಳಿದು, ತೊಳೆದು, ಕೈ ಎರಡೂ ಮೇಲೆತ್ಕೊಂಡು ಹತ್ತಿ ಬಂದ್ಲು. ಅಕ್ಕನ ಮಗಳೇ ಹತ್ತಿ ಕಡ್ಡಿಲಿ ಅಂಗೈ, ಬೆರಳ ಸಂದಿ, ಉಗುರು ಎಲ್ಲ ಒರೆಸಿಕೊಂಡ್ಲು, ಮುಖ ನೋಡದೆ, ಅಪರಿಚಿತರ ತರ. ಒಂಬತ್ತು ಅಂತ ನಂಬರ್ ಬರೆದಳು.

ಅವತ್ತು ಮಧ್ಯಾಹ್ನನೇ, ಕಡ್ಡಿ ಇನ್ನೂ ಲ್ಯಾಬಲ್ಲಿ ಒಣಗಿರಲಿಲ್ಲ, ಸೂಪರ್‌ವೈಸರ್ ಬಂದು ಎಲ್ಲರ ಮುಂದೆ ಹೇಳಿದ್ದ, "ರೇಡಿಯೋ, ನಾಳೆಯಿಂದ ನೀನು ನೆಲಮಾಳಿಗೆ." ಗಾಜಿನಾಚೆ ಬೆಂಚ್ ಮೇಲೆ ಕೂತಿದ್ದ ಅವಳಿ ಮಕ್ಕಳ ತಾಯಿ ಎದ್ದು ನಿಂತಳು. "ಇವಳಾ? ಇವಳ ಕೈಯಿಂದನಾ?" ಯಾರೂ ಹೌದು ಅನ್ನಲಿಲ್ಲ. ಯಾರೂ ಅಲ್ಲ ಅಂತಲೂ ಅನ್ನಲಿಲ್ಲ. ದೊಡ್ಡ ಡಾಕ್ಟ್ರು ಫೈಲ್ ನೋಡ್ತಿದ್ರು. ತಾಯಿ ಹತ್ತಿರ ಬಂದು, "ನಿನ್ನ ಕೈ ಕೊಳೆತು ಹೋಗ್ಲಿ," ಅಂದ್ಲು. ಕೂಗಲಿಲ್ಲ. ಮೆಲ್ಲಗೆ, ಸ್ಪಷ್ಟವಾಗಿ ಅಂದ್ಲು.

ಅವತ್ತಿಂದ ರೇಡಿಯೋ ಬಂದ್.

"ಚಿಕ್ಕಮ್ಮ, ಇನ್ನೊಂದಿದೆ," ಹುಡುಗಿ ಅಂದ್ಲು. ಒಂದು ಕಾಲಲ್ಲಿ ನಿಲ್ಲೋದು, ಇನ್ನೊಂದು ಕಾಲಿಗೆ ಬದಲಾಯಿಸೋದು, ನಿಂತಲ್ಲಿ ನಿಲ್ಲಕ್ಕಾಗ್ತಿರಲಿಲ್ಲ ಅವಳಿಗೆ. "ನಿನ್ನೆ ಐದನೇ ಮಗು. ಅದೇ ಬ್ಯಾಕ್ಟೀರಿಯಾ."

"ನಿನ್ನೆಯಾ?"

"ಹೂಂ. ಬೆಳಗ್ಗೆ ರಕ್ತ ನಾನೇ ತಂದೆ."

"ನಾನು ಇಲ್ಲಿಗೆ ಬಂದು ಹನ್ನೆರಡು ದಿನ ಆಯ್ತಲ್ಲೇ."

"ಅದೇ ಮತ್ತೆ!"

"ಸಿಂಕು?"

"ಅಲ್ಲೇ ಇದೆ. ಬೆಳಗ್ಗೆ ಎಲ್ಲರೂ ಅದರಲ್ಲೇ..."

ಕೀಲಿ ಗೊಂಚಲು ಝಣಝಣ ಅಂತು. ಹುಡುಗಿ ಬಟ್ಟೆ ಗಾಡಿ ಹಿಂದೆ ಸರಿದು ಹಿಂಬಾಗಿಲಿಂದ ಮಾಯ. ಬಂದವನು ಸೂಪರ್‌ವೈಸರ್. ಕೀಲಿ ಶಬ್ದ ಮೊದಲು, ಆಮೇಲೆ ಹೊಟ್ಟೆ, ಆಮೇಲೆ ಮನುಷ್ಯ. ಅದಕ್ಕೇ ಕೆಲಸದ ಹೆಂಗಸರೆಲ್ಲ ಅವನಿಗೆ ಬೀಗಪ್ಪ ಅಂತ ಕರೀತಾರೆ, ಅವನ ಬೆನ್ನ ಹಿಂದೆ. ಕೈಯಲ್ಲೊಂದು ಕಾಗದ.

"ಏ ರೇಡಿಯೋ, ಇಲ್ಲೊಂದು ಸೈನ್ ಹಾಕು. ನಾಳೆ ತನಿಖೆ ಕಮಿಟಿಯೋರು ಬರ್ತಿದಾರೆ, ಫೈಲಿಗೆ ಬೇಕಂತೆ."

"ಏನಿದು?"

"ಏನೋ ಒಂದು ಕಾಗದ. ನಿಂಗ್ಯಾಕೆ? ಹಾಕು, ನಿನ್ನ ಕೆಲಸ ಭದ್ರ. ಇಲ್ಲೇ ಇರ್ತೀಯ, ತಂಪಾಗಿ."

"ಓದ್ತೀನಿ ಕೊಡಿ."

"ಓದೋಕೆ ಬರುತ್ತಾ?"

"ನಿಧಾನಕ್ಕೆ ಬರುತ್ತೆ. ನಿಂತಿರಿ."

ಅವನು ನಿಂತ. ಕೊಳೆ ಬಟ್ಟೆ ವಾಸನೆಗೆ ಮೂಗಿಗೆ ಕರ್ಚೀಫು. ಅವಳು ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿದ್ಲು. ಗಟ್ಟಿಯಾಗಿ ಓದಿದ್ಲು. "ನಾನು... ಕೈ ತೊಳೆಯದೆ... ಮಕ್ಕಳ ವಾರ್ಡಿನಲ್ಲಿ... ಕೆಲಸ ಮಾಡಿರುತ್ತೇನೆ. ಇದರಿಂದ ಆದ... ತೊಂದರೆಗೆ... ನಾನೇ ಕಾರಣ."

ಬೀಗಪ್ಪ ಕೆಮ್ಮಿದ. "ಬರೀ ಫಾರ್ಮಾಲಿಟಿ ಅಮ್ಮ."

ಕೆಲಸಕ್ಕೆ ಸೇರಿ ಆರು ವರ್ಷ, ಅವನ ಬಾಯಲ್ಲಿ ಅಮ್ಮ ಅನ್ನೋದು ಇದೇ ಮೊದಲು.

"ತೊಂದರೆ ಅಂತೀರಾ ಅದನ್ನ? ಒಂದು ಕೂಸು ಸತ್ತಿದ್ದನ್ನ?"

"ನೋಡು, ಮೇಲಿನೋರು ಬರೆಸಿದ್ದು. ನೀನು ಹಾಕದಿದ್ರೆ ನಾಳೆಯಿಂದ ಬರೋದೇ ಬೇಡ ಅಂತಾರೆ. ಮಗಳ ಬಾಣಂತನ ಬೇರೆ ಮನೇಲಿ. ಯೋಚನೆ ಮಾಡು."

ಅವಳು ಯೋಚನೆ ಮಾಡಿದ್ಲು. ಮನೇಲಿ ದುಡಿಯೋ ಕೈ ಅವಳದೊಂದೇ. ಮಗಳ ಗಂಡ ಕೆಲಸ ಹುಡುಕ್ತಾ ಹೋದವನು ಇನ್ನೂ ಹುಡುಕ್ತಲೇ ಇದಾನೆ. ಸೈನ್ ಹಾಕಿದ್ರೆ ಅನ್ನಕ್ಕೆ ಮೋಸ ಇಲ್ಲ. ಇನ್ನು ಹತ್ತು ವರ್ಷ ಈ ಗುಡ್ಡೆ ಮುಂದೆ ನಿಂತು ಕೊಡವ್ತಾ ಇರಬಹುದು. ಮೇಲೆ ಆ ಸಿಂಕೂ ಹಂಗೇ ಇರುತ್ತೆ. ಕಾಗದದಲ್ಲಿ ಕಾರಣ ಸಿಕ್ಕ ಮೇಲೆ ಕೊಳವೆ ಬಿಚ್ಚಿ ನೋಡೋರು ಯಾರು? ಐದಾದ ಮೇಲೆ ಆರು. ಆರಾದ ಮೇಲೆ ಏಳು.

"ತಗೋ ಪೆನ್ನು," ಅಂದ ಬೀಗಪ್ಪ.

"ಪೆನ್ನು ನೀವೇ ಇಟ್ಕೊಳ್ಳಿ. ಕಾಗದ ನಂಗಿರಲಿ."

ಕಾಗದ ನಾಲ್ಕು ಮಡಿಕೆ ಮಾಡಿ ಸೊಂಟಕ್ಕೆ ಸಿಕ್ಕಿಸಿದ್ಲು. ಏಪ್ರನ್ ಬಿಚ್ಚಿ ಗುಡ್ಡೆ ಮೇಲೆ ಎಸೆದಳು. ಗೋಡೆ ಮೊಳೆಯಲ್ಲಿ ಕಸದ ಹಳದಿ ಕವರ್ ಕಟ್ಟು ತೂಗ್ತಿತ್ತು, ರಕ್ತದ ಹತ್ತಿ ಅದೂ ಇದೂ ಮುಟ್ಟಬಾರದ್ದೆಲ್ಲ ತುಂಬೋ ದೊಡ್ಡ ಕವರು. ಒಂದನ್ನ ಕಿತ್ಕೊಂಡ್ಲು.

"ಏಯ್, ಎಲ್ಲಿಗೆ? ಡ್ಯೂಟಿ ಟೈಮು!"

"ಡ್ಯೂಟಿಗೇ."

ಅವಳು ನಡೆಯೋದನ್ನ ನೋಡ್ಬೇಕಿತ್ತು. ಓಡ್ತಿರಲಿಲ್ಲ, ಆದ್ರೆ ಬೀಗಪ್ಪ ಓಡಿದ್ರೂ ಹಿಂದೆ ಬೀಳ್ತಿದ್ದ. ಮೆಟ್ಟಿಲಡಿ ಸಂದಿಗೆ ಬಂದಾಗ ಮಾತ್ರ ನಿಂತ್ಲು. ದಾರದ ಸೋಪು ಹಂಗೇ ತೂಗ್ತಿತ್ತು, ಒಣಗಿ ಬಿರುಕು ಬಿಟ್ಟಿತ್ತು. ತೋಳು ಮೇಲೆ ಮಾಡಿ ಮೊಣಕೈವರೆಗೂ ಉಜ್ಜಿದ್ಲು. ಬೆರಳ ಸಂದಿ ಉರೀತು. ಉರೀಲಿ ಅಂತ ಇನ್ನೊಂದು ಸಲ ಉಜ್ಜಿದ್ಲು. ಎಲ್ಲಿಂದ ಎಲ್ಲಿಗೆ ಹೋಗ್ತಿದೀನಿ ಅಂತ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಕೊಳೆ ಬಟ್ಟೆ ಕೈಯಲ್ಲಿ ಕೂಸುಗಳ ಹತ್ತಿರ ಹೋಗೋಳಲ್ಲ ಅವಳು, ಎಷ್ಟೇ ಸಿಟ್ಟು ಬಂದ್ರೂ.

ಬೀಗಪ್ಪ ಏದುಸಿರು ಬಿಡ್ತಾ, "ಹುಚ್ಚು ಹಿಡಿದಿದೆಯಾ ನಿಂಗೆ?" ಅಂದ.

"ನೀವೂ ತೊಳ್ಕೊಳ್ಳಿ. ಸೋಪು ನಂದೇ, ಬೇಜಾರಿಲ್ಲ."

ನಲವತ್ತೆರಡು ಮೆಟ್ಟಿಲು.

ಐಸಿಯು ಬಾಗಿಲು ತೆರೆದಿತ್ತು. ಒಳಗೆ ಹೋಗೋ ಕೆಂಪು ಗೆರೆ ಇನ್ನೂ ಆಚೆ ಇದೆ. ಈಚೆ ಸಿಂಕು, ಹಾಲಿನ ಮೇಜು, ಗಾಜು, ಗಾಜಿನಾಚೆ ತಾಯಂದಿರ ಬೆಂಚು. ದೊಡ್ಡ ಡಾಕ್ಟ್ರು ವಾಚು ಬಿಚ್ಚಿ ಜೇಬಿಗೆ ಹಾಕ್ಕೊಂಡು, ತೋಳು ಮಡಚಿ, ಮೊಣಕೈ ಎತ್ತಿದ್ರು. ಐದನೇ ಮಗುಗೆ ಹೊಸ ಸೂಜಿ ಹಾಕ್ಬೇಕಿತ್ತು.

"ನೀರು ಬಿಡ್ಬೇಡಿ!"

ಡಾಕ್ಟ್ರ ಮೊಣಕೈ ಗಾಳಿಯಲ್ಲೇ ನಿಂತಿತು. ದೊಡ್ಡ ಸಿಸ್ಟರ್ ಹಾಲಿನ ಬಟ್ಟಲು ಹಿಡಿದು ತಿರುಗಿದ್ರು.

"ಏ ರೇಡಿಯೋ! ನಿಂಗೆ ಇಲ್ಲಿ ಬರಂಗಿಲ್ಲ ಅಂತ ಹೇಳಿಲ್ವಾ? ಯಾರು ಬಿಟ್ರು ಇವಳನ್ನ?"

ಅವಳು ಡಾಕ್ಟ್ರಿಗೂ ಸಿಂಕಿಗೂ ನಡುವೆ ಬಂದು ನಿಂತ್ಲು. ಹಳದಿ ಕವರ್ ಝಾಡಿಸಿದ್ಲು, ಫಟ್ ಅಂತ ಶಬ್ದ ಬಂತು. ನಲ್ಲಿ ಮೇಲಿಂದ ಎಳೆದು ಇಡೀ ಸಿಂಕಿಗೆ ಮುಸುಕು ಹಾಕಿದ್ಲು. ಮೇಜಿನ ಮೇಲಿದ್ದ ಬ್ಯಾಂಡೇಜ್ ಸುರುಳಿ ತಗೊಂಡು ಸುತ್ತಲೂ ಎರಡು ಸುತ್ತು ಸುತ್ತಿ ಬಿಗಿದು ಗಂಟು ಹಾಕಿದ್ಲು.

"ಇದು ಕಸ," ಅಂದ್ಲು. "ಇವತ್ತಿಂದ ಇದು ಕಸ. ಯಾರೂ ಮುಟ್ಟಂಗಿಲ್ಲ."

"ಸೆಕ್ಯೂರಿಟಿ ಕರೀರಿ!"

"ಕರೀರಿ. ಬಂದ ಕೂಡ್ಲೇ ಅವನ ಕೈನೂ ಒರೆಸಿ ನೋಡಿ. ಈ ಸಿಂಕಲ್ಲಿ ತೊಳೆದಿಲ್ಲ ಅಂದ್ರೆ ಚೊಕ್ಕ ಇರುತ್ತೆ."

ದೊಡ್ಡ ಡಾಕ್ಟ್ರ ಮುಖ ಬಿಳಿಚಿತು. ರೇಡಿಯೋ ಅದನ್ನ ನೋಡಿದ್ಲು. ಆರು ವರ್ಷದಲ್ಲಿ ಆ ಮುಖ ಇವಳ ಕಡೆ ನೆಟ್ಟಗೆ ತಿರುಗಿದ್ದೇ ಇಲ್ಲ, ಈಗ ತಿರುಗಿತ್ತು.

"ಯಾರು ಹೇಳಿದ್ರು ನಿಂಗೆ?" ಅಂದ್ರು ಡಾಕ್ಟ್ರು.

ಲ್ಯಾಬಿನ ಬಾಗಿಲು ಎದುರಿಗೇ ಇತ್ತು. ಅಲ್ಲಿ ಒಂದು ಬಿಳಿ ಕೋಟು, ಗುಂಡಿ ತಪ್ಪಾಗಿ ಹಾಕಿದ್ದು, ಉಸಿರು ಹಿಡಿದು ನಿಂತಿತ್ತು. ರೇಡಿಯೋ ಆ ಕಡೆ ತಿರುಗಲಿಲ್ಲ.

"ಐದನೇ ಮಗು ಹೇಳ್ತು. ನಾನು ಹನ್ನೆರಡು ದಿನದಿಂದ ನೆಲದ ಕೆಳಗಿದೀನಿ ಡಾಕ್ಟ್ರೇ. ನಿನ್ನೆ ಮಲಗಿತಲ್ಲ ಆ ಮಗು, ಅದಕ್ಕೆ ಯಾರ ಕೈ ತಾಗ್ತು? ಎರಡು ಮಹಡಿ ಮೇಲಕ್ಕೆ ಚಾಚೋಷ್ಟು ಉದ್ದ ಇದೆಯಾ ನನ್ನ ಕೈ?" ಸೊಂಟದಿಂದ ಕಾಗದ ತೆಗೆದು ಬಿಚ್ಚಿದ್ಲು. "ನಾನು ಕೈ ತೊಳೀಲಿಲ್ಲ ಅಂತ ಬರೆದಿದೀರಾ. ಎಲ್ಲಿ ತೊಳೀಬೇಕಿತ್ತು ಹೇಳಿ. ಇಲ್ಲಿ ತೊಳೆಯೋಕೆ ಬಿಟ್ರಾ? ಬೋರ್ಡು ಹಾಕಿದ್ರಿ. ಪರೀಕ್ಷೆ ದಿನವೂ ಕೆಳಗೆ ಅಟ್ಟಿದ್ರಿ. ಈ ಮೆಟ್ಟಿಲು ಹತ್ತಿ ಹತ್ತಿ ನನ್ನ ಮಂಡಿ ಸವೆದಿದೆ. ಸಿಂಕು ನಾರುತ್ತೆ ಅಂದೆ, ಫಿನಾಯಿಲ್ ಹಾಕು ಅಂದ್ರಿ. ನಿಮಗೆ ಹೇಳಿದೆ, ವಾರ್ತೆ ಅಂತ ನಕ್ಕಿರಿ. ನಗಿ ಈಗ."

ಒಳಗೆ ಯಾವುದೋ ಮಿಷಿನ್ ಟುಂಯ್ ಟುಂಯ್ ಅಂತಿತ್ತು.

"ಕಡ್ಡಿಲಿ ಒರೆಸಿಕೊಂಡ್ರಲ್ಲ ಎಲ್ಲರ ಕೈ. ಏನು ಬಂತು? ಒಂಬತ್ತು ಕೈದೂ ಇಲ್ಲೇ ಹೇಳಿ."

"ಅದು ಗೋಪ್ಯ ರಿಪೋರ್ಟ್. ಕಮಿಟಿ ಮುಂದೆ..." ದೊಡ್ಡ ಸಿಸ್ಟರ್ ಶುರು ಮಾಡಿದ್ರು.

"ನನ್ನ ಕೈ ಹೆಸರು ಹಿಡಿಯೋವಾಗ ಗೋಪ್ಯ ಇರಲಿಲ್ವಾ?"

ಗಾಜಿನ ಬಾಗಿಲು ಸರಿಯಿತು. ಅವಳಿ ಮಕ್ಕಳ ತಾಯಿ. ಒಂದು ಹೋಗಿದೆ, ಇನ್ನೊಂದು ಇನ್ನೂ ಒಳಗೇ ಇದೆ. ಕೈಯಲ್ಲಿ ಆಗಷ್ಟೇ ಹಿಂಡಿ ತಂದ ಹಾಲು. ಹನ್ನೆರಡು ದಿನದಲ್ಲಿ ಅರ್ಧ ಆಗಿದ್ಲು.

"ಹೇಳಿ ಡಾಕ್ಟ್ರೇ," ಅಂದ್ಲು. "ನಂಗೂ ಕೇಳ್ಬೇಕು."

ದೊಡ್ಡ ಡಾಕ್ಟ್ರು ತೋಳು ಇಳಿಸಿದ್ರು. ಕೈ ಎಲ್ಲಿಡೋದು ಅಂತ ತೋಚದೆ ಎದೆ ಮುಂದೆ ಹಿಡ್ಕೊಂಡ್ರು, ಯಾವುದನ್ನೂ ಮುಟ್ಟದ ಹಾಗೆ.

"ಆರು ಕೈಯಲ್ಲಿ ಇತ್ತು," ಅಂದ್ರು. "ನಂದೂ ಸೇರಿ."

"ಒಂಬತ್ತನೇದು? ನಂದು?" ರೇಡಿಯೋ ಕೇಳಿದ್ಲು.

"ಒಂಬತ್ತನೇದರಲ್ಲಿ... ಇರಲಿಲ್ಲ."

"ಯಾವತ್ತಿಂದ ಗೊತ್ತು ನಿಮಗೆ?"

ಡಾಕ್ಟ್ರು ಮುಖ ಆಚೆ ತಿರುಗಿಸಿದ್ರು. ಅದೇ ಉತ್ತರ ಆಯ್ತು.



ತಾಯಿ ರೇಡಿಯೋ ಕೈಗಳನ್ನ ನೋಡಿದ್ಲು. ಸೀಳಿದ ಚರ್ಮ, ಉಗುರಿನ ಬುಡದಲ್ಲಿ ರಕ್ತ. ತಪ್ಪಾಯ್ತು ಅಂತ ಅನ್ನಲಿಲ್ಲ ಅವಳು. ಅಂದಿದ್ರೂ ರೇಡಿಯೋಗೆ ಏನು ಹೇಳ್ಬೇಕು ಅಂತ ಗೊತ್ತಾಗ್ತಿರಲಿಲ್ಲ. ತಾಯಿ ಹಾಲಿನ ಮೇಜಿನ ಮೇಲೆ ಇಡೋಕೆ ಹೋದ ಬಟ್ಟಲನ್ನ ಹಿಂದಕ್ಕೆ ತಗೊಂಡು ಎದೆಗೆ ಒತ್ತಿ ಹಿಡಿದಳು.

"ಏನಿದೆ ಅದರೊಳಗೆ?" ಹಳದಿ ಗಂಟು ತೋರಿಸಿ ಕೇಳಿದ್ಲು.

ರೇಡಿಯೋ ಬಾಯಿ ತೆರೆದಳು. ಚೆಲ್ಲಿದ ಹಾಲು ಅಂತ ಹೇಳ್ಬೇಕಿತ್ತು. ಆ ಬಟ್ಟಲನ್ನ ನೋಡಿದ್ಲು, ಅದನ್ನ ಹಿಡಿದ ಬೆರಳು ನೋಡಿದ್ಲು.

"ಪಾಚಿ," ಅಂದ್ಲು. "ಪಾಚಿ ಕಟ್ಟಿದೆಯಮ್ಮ."

ದೊಡ್ಡ ಸಿಸ್ಟರ್ ಕೈಯಲ್ಲೂ ಒಂದು ಬಟ್ಟಲಿತ್ತು, ಚಮಚದಷ್ಟು ಹಾಲು ಉಳಿದಿದ್ದು. ಅವರು ಅದನ್ನೇ ನೋಡ್ತಾ ನಿಂತ್ರು. ಅವರ ಕಣ್ಣಡಿ ಕಪ್ಪು ಇವತ್ತಿಂದಲ್ಲ. ಮೂರು ಜನ, ಇಪ್ಪತ್ತು ಮಕ್ಕಳು. ರೇಡಿಯೋಗೆ ಅದೂ ಗೊತ್ತು. ಗೊತ್ತಿದ್ದೂ ಸಿಟ್ಟು ಇಳೀಲಿಲ್ಲ.

"ನೋಡಮ್ಮ," ಡಾಕ್ಟ್ರು ಅಂದ್ರು, "ನಾಳೆ ಕಮಿಟಿ ಬರುತ್ತೆ. ಹತ್ತು ಗಂಟೆಗೆ ನನ್ನ ರೂಮಿಗೆ ಬಾ. ಕೂತು ಮಾತಾಡೋಣ."

"ನಿಮ್ಮ ರೂಮಲ್ಲಿ ಕೂರೋದು ನೀವು. ನಾನು ನಿಂತಿರ್ತೀನಿ. ಅಲ್ಲಿ ಬೇಡ."

"ಮತ್ತೆ?"

"ಇಲ್ಲೇ. ಇದರ ಮುಂದೆ. ಪ್ಲಂಬರ್‌ನ ಕರೆಸಿ. ಎಲ್ಲರ ಎದುರಿಗೂ ಕೊಳವೆ ಬಿಚ್ಚಲಿ. ಕಮಿಟಿಯೋರೂ ಇರಲಿ, ಈ ತಾಯಂದಿರೂ ಇರಲಿ. ಒಳಗಿಂದ ಬರೋದನ್ನ ಕಡ್ಡಿಲಿ ಒರೆಸಿ ಲ್ಯಾಬಿಗೆ ಕೊಡಿ. ಆಮೇಲೆ ಈ ಕಾಗದದಲ್ಲಿ ಯಾರ ಹೆಸರು ಬರೀಬೇಕು ಅಂತ ನೋಡೋಣ."

"ಕಮಿಟಿ ಇದಕ್ಕೆಲ್ಲ ಒಪ್ಪಲ್ಲ," ಬೀಗಪ್ಪ ಗೊಣಗಿದ. "ನಾಳೆ ನಿನ್ನ ಗೇಟಲ್ಲೇ ಬಿಡಲ್ಲ, ನೋಡ್ತಿರು."

ತಾಯಿ ಅವನ ಕಡೆ ತಿರುಗಿದ್ಲು. "ನನ್ನ ಜೊತೆ ಬರ್ತಾಳೆ," ಅಂದ್ಲು. "ನನ್ನ ಮಗು ಒಳಗಿದೆ. ನನ್ನ ತಡೀರಿ ನೋಡೋಣ."

ಬೆಂಚ್ ಮೇಲಿಂದ ಇನ್ನಿಬ್ರು ತಾಯಂದಿರು ಎದ್ದು ಬಂದು ಗಾಜಿನ ಬಾಗಿಲಲ್ಲಿ ನಿಂತಿದ್ರು.

ಒಳಗಿಂದ ಚಿಕ್ಕ ಸಿಸ್ಟರ್ ಕೂಗಿದ್ರು, "ಡಾಕ್ಟ್ರ ಮೇಡಂ, ಐದನೇ ಮಗು. ಬೇಗ!"

ಡಾಕ್ಟ್ರು ಮುಸುಕು ಹಾಕಿದ ಸಿಂಕು ನೋಡಿದ್ರು. ಗೋಡೆ ಮೇಲಿನ ಸ್ಪಿರಿಟ್ ಬಾಟಲಿ ಒತ್ತಿದ್ರು. ಬುಸ್ ಅಂತು, ಬರೀ ಗಾಳಿ.

"ಕೈ ಎಲ್ಲಿ ತೊಳೀಲಿ ನಾನು?" ಅಂದ್ರು. ಯಾರನ್ನ ಕೇಳಿದ್ರೋ.

"ಕೆಳಗೆ," ರೇಡಿಯೋ ಅಂದ್ಲು. "ಮೆಟ್ಟಿಲಡಿ. ನಲವತ್ತೆರಡು ಮೆಟ್ಟಿಲಾಗುತ್ತೆ. ದಾರ ಕಟ್ಟಿದ ಸೋಪಿದೆ, ನಂದು. ಮೊಣಕೈವರೆಗೂ ಉಜ್ಜಿ. ಬರೋವಾಗ ಕೈ ಮೇಲೆ ಹಿಡ್ಕೊಳ್ಳಿ, ಗೋಡೆಗೆ ತಾಗಿಸ್ಬೇಡಿ."

ಡಾಕ್ಟ್ರು ಓಡಿದ್ರು. ಟಕಟಕ ಟಕಟಕ ಅಂತ ಚಪ್ಪಲಿ ಸದ್ದು ಕೆಳಗೆ ಕೆಳಗೆ ಹೋಯ್ತು. ಎಲ್ಲರೂ ಕಿವಿಗೊಟ್ಟು ನಿಂತಿದ್ರು. ನೀರು ಬಿದ್ದ ಸದ್ದು. ಆಮೇಲೆ ಮತ್ತೆ ಮೆಟ್ಟಿಲು, ಈ ಸಲ ನಿಧಾನಕ್ಕೆ. ಡಾಕ್ಟ್ರು ಎರಡೂ ಕೈ ಎತ್ಕೊಂಡು, ನೀರು ಮೊಣಕೈಯಿಂದ ಸೋರಿಸ್ಕೊಂಡು, ಏದುಸಿರು ಬಿಡ್ತಾ ಬಂದ್ರು. ಕೆಂಪು ಗೆರೆ ದಾಟೋ ಮುಂಚೆ ಒಂದು ಕ್ಷಣ ನಿಂತ್ರು.

"ನಾಳೆ ಹತ್ತಕ್ಕೆ," ಅಂದ್ರು. "ಇಲ್ಲೇ. ಪ್ಲಂಬರ್‌ಗೆ ಹೇಳ್ತೀನಿ."

"ಹತ್ತಕ್ಕೆ ಬೇಡ," ರೇಡಿಯೋ ಅಂದ್ಲು. "ಹತ್ತಕ್ಕೆ ಮಕ್ಕಳಿಗೆ ಹಾಲು ಕೊಡೋ ಹೊತ್ತು. ಒಂಬತ್ತಕ್ಕೆ ಬನ್ನಿ."